2012ರ ಪಿಕಪ್, ಬ್ರೇಕ್ ಪೆಡಲ್ ಕಾಲಡಿಯಲ್ಲೇ ಇಳಿಯುತ್ತೆ. ಪೂರ್ತಿ ಮಾಡಿಸೋದಾ, ಕಿಟ್ ಹಾಕಿಸೋದಾ, ಮಾರೋದಾ?

ಬಣಕಲ್ ತೋಟದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು 2012ರ ಡೀಸೆಲ್ ಪಿಕಪ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಕಾಲಿನ ಒತ್ತಡಕ್ಕೆ ವ್ಯಾಕ್ಯೂಮ್ ಬಲ ಸೇರಿಸೋ ಬೂಸ್ಟರ್ ಇದೆ, ಎಬಿಎಸ್ ಇಲ್ಲ. ಊರು ಮೂಡಿಗೆರೆ ತಾಲ್ಲೂಕು ಬಣಕಲ್ ಹತ್ರ. ಬಾಳೆಗೊನೆ, ಶುಂಠಿ ಹಾಕ್ಕೊಂಡು ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿಗೆ ಹೋಗುತ್ತೆ. ಬರುವಾಗ ಮುರಕಲ್ಲೋ ಸಿಮೆಂಟೋ ಏನಾದ್ರೂ ಒಂದು ಲೋಡ್ ಇದ್ದೇ ಇರುತ್ತೆ. ಇಂಜಿನ್ ಚೆನ್ನಾಗಿದೆ, ಹೊಗೆ ಇಲ್ಲ, ಗೇರ್ ಬಾಕ್ಸ್ ಸದ್ದಿಲ್ಲ. ಓಡಿಸೋದು ನನ್ನ ತಮ್ಮ.

ಈಗ ತೊಂದರೆ. ಬೆಳಿಗ್ಗೆ ಮೊದಲನೇ ಸಲ ಬ್ರೇಕ್ ಒತ್ತಿದ್ರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ಇನ್ನೊಂದು ಸಲ ಒತ್ತಿದ್ರೆ ಮೇಲೆ ಬಂದು ಗಟ್ಟಿ ಸಿಗುತ್ತೆ. ಇಷ್ಟೇ ಆಗಿದ್ರೆ ಹಿಂದಿನ ಡ್ರಮ್ ಒಳಗೆ ಉಜ್ಜಿ ಬ್ರೇಕ್ ಹಿಡಿಯೋ ಲೈನರ್ ಟೈಟ್ ಮಾಡಿಸಿ ಸುಮ್ಮನಾಗ್ತಿದ್ದೆ. ಆದ್ರೆ ಇಳಿಜಾರಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡೋಕೆ ಬ್ರೇಕ್ ಒತ್ತಿಕೊಂಡೇ ನಿಂತಿದ್ದಾಗ, ಪೆಡಲ್ ಕಾಲಡಿಯಲ್ಲೇ ನಿಧಾನಕ್ಕೆ ಇಳೀತಾ ಹೋಗುತ್ತೆ. ಗಾಡಿ ಜರುಗೋಕೆ ಶುರು ಮಾಡುತ್ತೆ. ಬಿಟ್ಟು ಮತ್ತೆ ಒತ್ತಿದ್ರೆ ನಿಲ್ಲುತ್ತೆ. ತಮ್ಮ ಇದನ್ನ ಹೇಳಿದಾಗ ನಾನೇ ಪಕ್ಕದಲ್ಲಿ ಕೂತು, ಆಮೇಲೆ ನಾನೇ ಓಡಿಸಿ ನೋಡಿದೆ. ಹೌದು, ಇಳಿಯುತ್ತೆ.

ಬ್ರೇಕ್ ಆಯಿಲ್ ಡಬ್ಬಿ ಮಿನಿಮಮ್ ಗೆರೆಗೆ ಬರುತ್ತೆ, ತುಂಬಿಸ್ತೀವಿ, ಮತ್ತೆ ಇಳಿಯುತ್ತೆ. ಗಾಡಿ ನಿಲ್ಲಿಸೋದು ಸಿಮೆಂಟ್ ನೆಲದ ಮೇಲೆ, ಅಲ್ಲಿ ಒಂದು ತೊಟ್ಟೂ ಬಿದ್ದಿಲ್ಲ. ನಾಲ್ಕೂ ಟೈರಿನ ಒಳಮೈಗೆ ಟಾರ್ಚ್ ಹಾಕಿ ನೋಡಿದ್ದೀನಿ, ಒಣಗಿದೆ. ಹಾಗಾದ್ರೆ ಆಯಿಲ್ ಎಲ್ಲಿಗೆ ಹೋಗ್ತಿದೆ?

ಇನ್ನೊಂದು, ಘಾಟಿ ಇಳಿದು ಚಾರ್ಮಾಡಿ ಊರಲ್ಲಿ ನಿಲ್ಲಿಸಿದ್ರೆ ಮುಂದಿನ ಎಡಗಡೆ ವೀಲಿನ ಹತ್ರ ಕೈ ಇಡೋಕೆ ಆಗಲ್ಲ. ಬಲಗಡೆದು ಬಿಸಿ ಇರುತ್ತೆ, ಆದ್ರೆ ಅಷ್ಟಿಲ್ಲ. ಮುಂದಿನ ಪ್ಯಾಡುಗಳು ಬಹಳ ಬೇಗ ಸವೀತವೆ. ಹಿಂದಿನ ಲೈನರ್ ಮಾತ್ರ ಹಾಕಿದ ಹಾಗೇ ಇದೆ.

ಎರಡು ಗ್ಯಾರೇಜಲ್ಲಿ ಕೇಳಿದೆ. ಒಬ್ಬರು ಗಾಡಿ ಮುಟ್ಟದೆ, ‘ಮಾಸ್ಟರ್ ಸಿಲಿಂಡರಿಗೆ ಕಿಟ್ ಹಾಕಿದ್ರೆ ಸಾಕು, ಕೂಲಿ ಸೇರಿ 1,200 ರೂಪಾಯಿ’ ಅಂದ್ರು. ಅಂದ್ರೆ ಪೆಡಲ್ ಒತ್ತಿದಾಗ ಆಯಿಲನ್ನ ವೀಲುಗಳಿಗೆ ತಳ್ಳೋ ಆ ಸಿಲಿಂಡರನ್ನ ಉಳಿಸಿಕೊಂಡು, ಒಳಗಿನ ರಬ್ಬರ್ ಮಾತ್ರ ಬದಲಾಯಿಸೋದು. ಇನ್ನೊಬ್ಬರು ಮಾಸ್ಟರ್, ಬೂಸ್ಟರ್, ಹಿಂದಿನ ವೀಲ್ ಸಿಲಿಂಡರ್, ಲೈನರ್, ಡ್ರಮ್, ಮುಂದಿನ ಪ್ಯಾಡ್, ಡಿಸ್ಕ್, ಹೋಸುಗಳು ಎಲ್ಲಾ ಬರೆದು 27,000 ಅಂತ ಚೀಟಿ ಕೊಟ್ರು. ಈ ಮಧ್ಯೆ ಒಬ್ಬ ಬ್ರೋಕರ್ ಮನೆಗೇ ಬಂದು ಇದ್ದ ಹಾಗೇ ಕೊಡಿ, 2 ಲಕ್ಷ 30 ಸಾವಿರ ಕೊಡ್ತೀನಿ ಅಂತಿದ್ದಾನೆ.

ಅಮ್ಮ ಮಾರಿಬಿಡಿ ಅಂತಾರೆ. ತಮ್ಮ, ಕಿಟ್ ಹಾಕಿಸಿ ಬಾಳೆ ಕಟಾವು ಮುಗಿಸೋಣ, ಆಮೇಲೆ ನೋಡೋಣ ಅಂತಾನೆ. ನನಗೆ ಎರಡೂ ಒಪ್ಪಿಗೆ ಆಗ್ತಿಲ್ಲ. ಲೋಡ್ ಇಳಿಸೋಕೆ ಹೋಗೋ ಆಳು ತಮ್ಮನ ಪಕ್ಕದಲ್ಲೇ ಕೂರ್ತಾನೆ, ಅವನಿಗೆ ಚಿಕ್ಕ ಮಕ್ಕಳಿದಾವೆ. ಮಂಜು ಮುಸುಕಿದ ದಿನ ಇವರು ವಾಪಸ್ ಬರೋವರೆಗೆ ನನಗೆ ತೋಟದಲ್ಲಿ ಕೈ ಓಡಲ್ಲ. 27,000 ದೊಡ್ಡ ದುಡ್ಡೇ, ಆದ್ರೆ ಬೇಕಾದ್ದಕ್ಕೆ ಖರ್ಚು ಮಾಡೋಕೆ ನಾನು ತಯಾರಿದ್ದೀನಿ. ಯಾವುದು ಬೇಕು, ಯಾವುದು ಬೇಡ ಅಂತ ತಿಳಿಬೇಕು. ಅನುಭವ ಇರೋರು ಹೇಳಿ.

ಹಾಸನ ಗ್ಯಾರೇಜಿನವ

ಅಣ್ಣ, ಮೊದಲನೇ ಮಾತು: ಇದು ಸರಿಹೋಗೋವರೆಗೆ ಗಾಡಿನ ಘಾಟಿ ಇಳಿಸಬೇಡಿ. ಖಾಲಿ ಗಾಡಿನೂ ಬೇಡ.

ಪೆಡಲ್ ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯೋದು ಮಾಸ್ಟರ್ ಸಿಲಿಂಡರಿನ ಲಕ್ಷಣ, ಅದರಲ್ಲಿ ಮೊದಲನೇ ಗ್ಯಾರೇಜಿನವರು ಹೇಳಿದ್ದು ಸರಿ. ಒಳಗೆ ಪಿಸ್ಟನ್ ಮೇಲೆ ರಬ್ಬರ್ ಕಪ್ ಇರುತ್ತೆ. ಜೋರಾಗಿ ತುಳಿದಾಗ ಅದರ ಅಂಚು ಅರಳಿ ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುತ್ತೆ, ಹಾಗಾಗಿ ಸವೆದ ಕಪ್ ಕೂಡ ಆಗ ಹಿಡಿಯುತ್ತೆ. ಹಗುರಾಗಿ ಒತ್ತಿ ಹಿಡಿದ್ರೆ ಪಕ್ಕದಿಂದ ಆಯಿಲ್ ಜಾರುತ್ತೆ. ಅದಕ್ಕೇ ಜೋರಾಗಿ ತುಳಿದು ಟೆಸ್ಟ್ ಮಾಡಿ ‘ಬ್ರೇಕ್ ಸರಿ ಇದೆ’ ಅನ್ನೋರನ್ನ ನಂಬಬೇಡಿ. ಇಂಜಿನ್ ಓಡ್ತಿರಲಿ, ಸಪಾಟು ಜಾಗದಲ್ಲಿ ಪೆಡಲನ್ನ ಹದವಾಗಿ ಒತ್ತಿ ಒಂದು ನಿಮಿಷ ಹಿಡ್ಕೊಳ್ಳಿ. ಇಳಿದ್ರೆ ಒಂದೋ ಮಾಸ್ಟರ್ ಹೋಗಿದೆ, ಇಲ್ಲವೋ ಎಲ್ಲೋ ಲೀಕ್ ಇದೆ.

ಆದ್ರೆ ಕಪ್ ಪಕ್ಕದಿಂದ ಜಾರಿದ ಆಯಿಲ್ ಡಬ್ಬಿಗೇ ವಾಪಸ್ ಹೋಗುತ್ತೆ. ಲೆವೆಲ್ ಕಡಿಮೆ ಆಗಬಾರದು. ಪ್ಯಾಡ್ ಸವೆದ ಹಾಗೆ ಸ್ವಲ್ಪ ಇಳಿಯೋದು ಸಹಜ, ಪದೇ ಪದೇ ತುಂಬಿಸಬೇಕಾದ್ರೆ ಅದು ಲೀಕೇ. ನೆಲಕ್ಕೆ ಬೀಳದೆ ಕದ್ದು ಹೋಗೋ ಜಾಗ ಮುಖ್ಯವಾಗಿ ಎರಡು. ಒಂದು, ಹಿಂದಿನ ಡ್ರಮ್ ಒಳಗೆ. ಟೈರ್ ಒದ್ದೆ ಆಗೋಕೆ ಮುಂಚೆ ಲೈನರು, ಧೂಳು ಎಲ್ಲಾ ಅದನ್ನ ಕುಡಿದಿರುತ್ತೆ. ಇನ್ನೊಂದು ಬೂಸ್ಟರ್ ಒಳಗೆ. ಮಾಸ್ಟರಿನ ಹಿಂದಿನ ಸೀಲ್ ಹೋದ್ರೆ ಆಯಿಲ್ ನೇರವಾಗಿ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತೆ, ಹೊರಗೆ ಒಂದು ಹನಿ ಕಾಣಿಸಲ್ಲ. ಅಲ್ಲಿ ಡಯಾಫ್ರಮ್ ಕೆಟ್ಟು, ಆಮೇಲೆ ಪೆಡಲ್ ಕಲ್ಲಿನಷ್ಟು ಗಟ್ಟಿ ಆಗುತ್ತೆ.

ನೋಡೋ ವಿಧಾನ ಹೇಳ್ತೀನಿ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ತುಳಿದು ವ್ಯಾಕ್ಯೂಮ್ ಖಾಲಿ ಮಾಡಿ. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂತಿರೋ ಎರಡು ನಟ್ ಬಿಚ್ಚಿ. ಪೈಪ್ ಬಿಚ್ಚಬೇಡಿ, ಪೈಪ್ ಬಗ್ಗೋಷ್ಟು ಎಳೀಬೇಡಿ, ಒಂದು ಬೆರಳು ಹೋಗೋಷ್ಟು ಮಾತ್ರ ಮುಂದಕ್ಕೆ ತನ್ನಿ. ಹಿಂಭಾಗ ಒದ್ದೆ ಇದ್ರೆ ಉತ್ತರ ಸಿಕ್ಕಿತು. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿನ ಸಣ್ಣ ಸ್ಕ್ರೂಡ್ರೈವರಲ್ಲಿ ಮೆಲ್ಲಗೆ ಎತ್ತಿ ನೋಡಿ. ಒಳಗೆ ಆಯಿಲ್ ತುಂಬಿದ್ರೆ ಅದೂ ಹೋಗಿದೆ. ಒದ್ದೆ ದಪ್ಪಗೆ, ಕಪ್ಪಗೆ, ಗೇರ್ ಆಯಿಲ್ ವಾಸನೆ ಹೊಡೀತಿದ್ರೆ ಅದು ಹಿಂದಿನ ಆಕ್ಸಲ್ ಹೌಸಿಂಗ್ ಕಡೆಯ ಆಯಿಲ್ ಸೀಲ್, ಬ್ರೇಕ್ ಅಲ್ಲ. ಎರಡನ್ನೂ ಗೊಂದಲ ಮಾಡ್ಕೊಂಡು ಸಿಲಿಂಡರ್ ಬದಲಾಯಿಸಿ, ಮತ್ತೆ ಲೈನರ್ ನೆನೆಸಿಕೊಂಡು ಬರೋರು ಜಾಸ್ತಿ.

ಎಡಗಡೆ ವೀಲ್ ಬಿಸಿ ಆಗೋದು ಬೇರೆ ವಿಷಯ. ಜಾಕ್ ಹಾಕಿ, ಬ್ರೇಕ್ ತುಳಿದು ಬಿಟ್ಟು, ವೀಲ್ ಕೈಯಲ್ಲಿ ತಿರುಗಿಸಿ. ಬಿಗಿ ಇದ್ರೆ ಕ್ಯಾಲಿಪರಿನ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಬ್ಲೀಡ್ ನಿಪ್ಪಲ್, ಅಂದ್ರೆ ಗಾಳಿ ಬಿಡೋ ಸಣ್ಣ ಸ್ಕ್ರೂ, ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ವೀಲ್ ಬಿಟ್ಟುಕೊಂಡ್ರೆ ಒಳಗೆ ಪ್ರೆಶರ್ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ಅಲ್ಲಿಯ ರಬ್ಬರ್ ಹೋಸ್ ಒಳಗಿಂದ ಊದಿಕೊಂಡಿರುತ್ತೆ, ಕಾಲಿನ ಬಲಕ್ಕೆ ಆಯಿಲ್ ಮುಂದಕ್ಕೆ ಹೋಗುತ್ತೆ, ವಾಪಸ್ ಬರೋಕೆ ಆಗಲ್ಲ. ನಿಪ್ಪಲ್ ಬಿಟ್ಟರೂ ವೀಲ್ ಬಿಗಿಯಾಗೇ ಇದ್ರೆ ಕ್ಯಾಲಿಪರ್ ಪಿಸ್ಟನ್ನೋ ಸ್ಲೈಡ್ ಪಿನ್ನೋ ಹಿಡಿದಿದೆ.

ಇಷ್ಟು ನೋಡಿ ಫೋಟೋ ಹಾಕಿ. ಆಮೇಲೆ 27,000ದ ಚೀಟಿ ಬಗ್ಗೆ ಮಾತಾಡೋಣ.

ದುರ್ಗದ ಪಿಕಪ್

ಅಣ್ಣ ಸುಮ್ನೆ ಹೆದರಿಸ್ತಾರೆ. ನಮ್ದು 2009ರ ಗಾಡಿ, ಪೆಡಲ್ ಒಂದು ಸಲ ಕೆಳಗೆ ಹೋಗುತ್ತೆ, ಎರಡು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ. ಈರುಳ್ಳಿ ಲೋಡ್ ಹಾಕ್ಕೊಂಡು ಓಡಿಸ್ತಾನೇ ಇದೀವಿ. ಫಿಟ್‌ನೆಸ್ ಸರ್ಟಿಫಿಕೇಟ್, ಅದೇ ಎಫ್‌ಸಿನೂ ಪಾಸ್ ಆಗಿದೆ. ಕಿಟ್ ಹಾಕಿಸಿ ಓಡಿಸಿ, ಹಳೇ ಗಾಡಿಗೆ 27 ಸಾವಿರ ಸುರಿಯೋದು ದಂಡ.

ಉಜಿರೆ ಲೈನ್

ದುರ್ಗದ ಅಣ್ಣ, ಬೇಸರ ಮಾಡಬೇಡಿ. ನಿಮ್ಮಲ್ಲಿ ಎದುರಿಗೆ ಒಂದು ಕಿಲೋಮೀಟರ್ ರಸ್ತೆ ಕಾಣ್ತದೆ, ಎರಡು ಸಲ ಪಂಪ್ ಮಾಡ್ಲಿಕ್ಕೆ ಸಮಯ ಉಂಟು. ಚಾರ್ಮಾಡಿಯಲ್ಲಿ ಆ ಎರಡನೇ ಪಂಪಿಗೆ ಜಾಗ ಎಲ್ಲಿದೆ ಹೇಳಿ? ತಿರುವಿನ ಆಚೆ ಬಸ್ಸು ನಿಂತದ್ದು ಮಂಜಿನಲ್ಲಿ ಹತ್ತಿರ ಬಂದ ಮೇಲೆಯೇ ಕಾಣುವುದು. ಎಫ್‌ಸಿಗೆ ನಾವೆಲ್ಲ ಖಾಲಿ ಗಾಡಿ ತೊಳೆದು ತಗೊಂಡು ಹೋಗುವವರು. ಬಾಳೆಗೊನೆ ತುಂಬಿ ಇಳಿಜಾರಲ್ಲಿ ಯಾರೂ ಟೆಸ್ಟ್ ಮಾಡುವುದಿಲ್ಲ. ನಿಮ್ಮ ಗಾಡಿಯನ್ನೂ ಒಮ್ಮೆ ತೋರಿಸಿ ಮಾರಾಯ್ರೆ, ಈರುಳ್ಳಿ ಲೋಡಿನ ಎದುರು ಶಾಲೆ ಮಕ್ಕಳು ರಸ್ತೆ ದಾಟುವುದು ನಿಮ್ಮೂರಲ್ಲಿಯೂ ಉಂಟಲ್ಲ.

ಬಣಕಲಿನ ಅಣ್ಣನಿಗೆ: ನಾನು ಈ ಘಾಟಿಯಲ್ಲಿ ಲೋಡ್ ಗಾಡಿ ಓಡಿಸಿಯೇ ಮನೆ ನಡೆಸುವವ. ಪಾರ್ಟ್ಸಿನ ವಿಷಯ ಹಾಸನದವರು ಹೇಳ್ತಾರೆ, ನಾನು ಆಯಿಲ್ ಮತ್ತು ಇಳಿಸುವ ಕ್ರಮ ಹೇಳ್ತೇನೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶವನ್ನು ಎಳ್ಕೊಳ್ತದೆ. ನಮ್ಮ ಕರಾವಳಿಯ ಸೆಕೆ, ನಿಮ್ಮ ಮಲೆನಾಡಿನ ಮಳೆ ಎರಡೂ ಅದಕ್ಕೆ ಆಗಿಬರುವುದಿಲ್ಲ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸತಿರುವಾಗ ಕುದಿಯಲಿಕ್ಕೆ ಕಡಿಮೆ ಅಂದ್ರೂ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ ಅದೇ ಮಟ್ಟ 140ಕ್ಕೆ ಇಳೀತದೆ. ಡಾಟ್ 4 ಆದ್ರೆ 230 ಮತ್ತು 155. ಲೋಡ್ ಗಾಡಿಯನ್ನು ಬ್ರೇಕಿನ ಮೇಲೆಯೇ ಇಳಿಸಿದ್ರೆ ಕ್ಯಾಲಿಪರಿನ ಹತ್ತಿರ ಅಷ್ಟು ಬಿಸಿ ಬರುವುದು ದೊಡ್ಡ ವಿಷಯವೇ ಅಲ್ಲ. ಆಯಿಲ್ ಕುದಿದು ಆವಿ ಆದ್ರೆ ಪೆಡಲ್ ಸೀದಾ ನೆಲಕ್ಕೆ. ಕೆಳಗೆ ಬಂದು ಅರ್ಧ ಗಂಟೆ ನಿಲ್ಲಿಸಿ ತಣ್ಣಗಾದ ಮೇಲೆ ಮೆಕ್ಯಾನಿಕ್ ಬಂದು ತುಳಿದು ನೋಡಿದ್ರೆ ಏನೂ ಆಗಿಯೇ ಇಲ್ಲ ಎಂಬ ಹಾಗೆ ಗಟ್ಟಿ ಇರ್ತದೆ. ‘ಡ್ರೈವರ್ ನಿದ್ದೆ ಮಾಡಿದ’ ಅಂತ ಹೇಳಿಸಿಕೊಂಡ ಎಷ್ಟೋ ಜನರ ಗಾಡಿಯಲ್ಲಿ ಆದದ್ದು ಇದೇ ಇರಬಹುದು ಅಂತ ನನಗೆ ಬಲವಾಗಿ ಅನಿಸ್ತದೆ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಬರೀ ಮೇಲಿಂದ ತುಂಬಿಸುವುದಲ್ಲ. ಸೀಲ್ ಒಡೆದು ತುಂಬಾ ದಿನ ಇಟ್ಟ ಅರ್ಧ ಬಾಟ್ಲಿ ಉಪಯೋಗಿಸಬೇಡಿ.

ಇಳಿಸುವಾಗ ಸೆಕೆಂಡ್ ಗೇರ್, ಕಡಿದಾದ ತಿರುವಿನಲ್ಲಿ ಇನ್ನೂ ಕೆಳಗೆ. ಕಾಲನ್ನು ಪೆಡಲಿನ ಮೇಲೆ ಇಟ್ಟುಕೊಂಡೇ ಇರುವುದು ಬೇಡ. ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ, ಪೂರ್ತಿ ಬಿಡಿ, ಗಾಳಿ ತಾಗಲಿ. ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಹಾಕಿ ಕೀ ಆಫ್ ಮಾಡುವವರಿದ್ದಾರೆ. ಡೀಸೆಲ್ ಗಾಡಿಯಲ್ಲಿ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವುದು ಇಂಜಿನ್ನಿಂದ ತಿರುಗುವ ಪಂಪು. ಇಂಜಿನ್ ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಉಳಿದಿರ್ತದೆ. ತಮ್ಮನಿಗೆ ಇದನ್ನು ಕೂತು ಹೇಳಿ.

ಒಂದು ವೇಳೆ ಬ್ರೇಕ್ ಹೋಯಿತು ಅಂತಾದ್ರೆ ಕೀ ಮುಟ್ಟಬಾರದು. ಸ್ಟೇರಿಂಗ್ ಲಾಕ್ ಆದೀತು. ಪೆಡಲ್ ಪಂಪ್ ಮಾಡ್ತಾ ಗೇರ್ ಒಂದೊಂದೇ ಇಳಿಸಬೇಕು. ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡಿದು ಮೆಲ್ಲಗೆ ಎಳೆಯಬೇಕು, ಒಂದೇ ಸಲ ಎಳೆದ್ರೆ ಹಿಂದಿನ ವೀಲ್ ಲಾಕ್ ಆಗಿ ಗಾಡಿ ತಿರುಗ್ತದೆ. ಗಾಡಿಯನ್ನು ಗುಡ್ಡದ ಬದಿಗೆ ಉಜ್ಜಿಸಿ ನಿಲ್ಲಿಸಿ, ಪ್ರಪಾತದ ಬದಿಗೆ ಯಾವತ್ತೂ ಅಲ್ಲ. ಬಾಡಿ ಹೋದ್ರೆ ಹೋಗಲಿ.

ಬಣಕಲ್ ತೋಟದವ

ಉಜಿರೆ ಅಣ್ಣ, ತಮ್ಮನಿಗೆ ನಿಮ್ಮ ಬರಹ ಓದಿಸಿದೆ. ಅವನು ನ್ಯೂಟ್ರಲಲ್ಲಿ ಇಳಿಸೋನಲ್ಲ, ಆದ್ರೆ ಕೀ ಮುಟ್ಟಬಾರದು ಅನ್ನೋದು ಅವನಿಗೂ ಹೊಸದು. ಬಾಳೆಗೊನೆಗೆ ಸದ್ಯಕ್ಕೆ ಬಾಡಿಗೆ ಗಾಡಿ ಹೇಳಿದ್ದೀನಿ.

ಹಾಸನದ ಅಣ್ಣ, ನೀವು ಹೇಳಿದ ಹಾಗೇ ಇಲ್ಲೇ ಒಬ್ಬ ಪರಿಚಯದ ಮೆಕ್ಯಾನಿಕ್ಕನ್ನ ಮನೆಗೆ ಕರೆಸಿ ಬಿಚ್ಚಿಸಿದೆ.

ಮಾಸ್ಟರ್ ಸಿಲಿಂಡರ್ ಮುಂದಕ್ಕೆ ಎಳೆದು ಹಿಂದೆ ಬೆರಳು ಹಾಕಿದ್ರೆ ಪೂರ್ತಿ ಒದ್ದೆ. ಬೂಸ್ಟರಿನ ಕಪ್ಪು ಪೇಂಟ್, ಸಿಲಿಂಡರ್ ಕೂರೋ ಜಾಗದಿಂದ ಕೆಳಗೆ ಒಂದು ಅಂಗೈ ಅಗಲ ಗುಳ್ಳೆ ಎದ್ದು ನಿಂತಿದೆ. ಉಗುರು ತಾಗಿಸಿದ್ರೆ ಹಾಳೆ ಹಾಳೆಯಾಗಿ ಬಂತು, ಒಳಗೆ ತುಕ್ಕು. ಮೇಲಿಂದ ಬಾನೆಟ್ ಎತ್ತಿ ನೋಡಿದ್ರೆ ಇದು ಕಾಣೋದೇ ಇಲ್ಲ, ಸಿಲಿಂಡರ್ ಅಡ್ಡ ಬರುತ್ತೆ. ಡಬ್ಬಿಯ ಆಯಿಲನ್ನ ಗಾಜಿನ ಲೋಟಕ್ಕೆ ಬಿಟ್ಟು ಪಕ್ಕದಲ್ಲಿ ಹೊಸ ಆಯಿಲ್ ಇಟ್ಟು ನೋಡಿದೆ, ಹಳೇದು ಕಡು ಕಾಫಿ ಬಣ್ಣ.

ಹಿಂದೆ ಬಲಗಡೆ ಡ್ರಮ್ ಒಣಗಿದೆ. ಎಡಗಡೆ ವೀಲ್ ಸಿಲಿಂಡರಿನ ಟೋಪಿ ಎತ್ತಿದ ತಕ್ಷಣ ಆಯಿಲ್ ಸುರಿಯಿತು. ತೆಳ್ಳಗಿದೆ, ಗೇರ್ ಆಯಿಲ್ ವಾಸನೆ ಇಲ್ಲ. ಲೈನರ್ ಅರ್ಧ ನೆಂದಿದೆ. ಮೆಕ್ಯಾನಿಕ್ ಪೆಟ್ರೋಲಲ್ಲಿ ತೊಳೆದು ಎಮರಿ ಹೊಡೆದು ಹಾಕಬಹುದು ಅಂದ್ರು, ನಾನು ನಿಲ್ಲಿಸಿದ್ದೀನಿ. ಮುಂದಿನ ಎಡ ವೀಲ್ ಬಿಗಿ ಇತ್ತು, ನಿಪ್ಪಲ್ ಬಿಟ್ಟ ಕೂಡಲೇ ಸಡಿಲ ಆಯ್ತು. ಅಂದ್ರೆ ಹೋಸ್.

ಇನ್ನೊಂದು ಕೇಳಬೇಕಿತ್ತು. ಹಿಂದಿನ ಹೌಸಿಂಗಿಗೂ ಚಾಸಿಗೂ ನಡುವೆ ಒಂದು ಕಂಬಿ ಇದೆ, ಅದು ಒಂದು ವಾಲ್ವಿಗೆ ಸೇರುತ್ತೆ. ಅದು ಏನು? ನಾವು ತಗೊಳ್ಳೋಕೆ ಮುಂಚೆಯೇ ಹಿಂದಿನ ಮಾಲೀಕರು ಎರಡೂ ಕಡೆ ಕಮಾನಿಗೆ (ಲೀಫ್ ಸ್ಪ್ರಿಂಗ್) ಒಂದೊಂದು ಪಟ್ಟಿ ಹೆಚ್ಚು ಹಾಕಿಸಿದ್ರು. ಈ ಕಂಬಿ ಮೊದಲು ಹೇಗಿತ್ತು ಅಂತ ನಮಗೆ ಗೊತ್ತಿಲ್ಲ.

ಹಾಸನ ಗ್ಯಾರೇಜಿನವ

ಅಣ್ಣ, ನಿಮ್ಮ ಕೊನೇ ಪ್ಯಾರಾದಲ್ಲೇ ಎಲ್ಲದಕ್ಕಿಂತ ಮುಖ್ಯವಾದ್ದು ಇದೆ. ಇದನ್ನ ಓದೋ ಪಿಕಪ್ ಮಾಲೀಕರೆಲ್ಲ ಒಂದು ಸಲ ತಮ್ಮ ಗಾಡಿ ಕೆಳಗೆ ಬಗ್ಗಿ ನೋಡಲಿ ಅಂತ ಬಿಡಿಸಿ ಬರೀತೀನಿ.

ಅದು ಲೋಡ್ ವಾಲ್ವ್. ಎಲ್‌ಎಸ್‌ಪಿವಿ ಅಂತಾರೆ. ಖಾಲಿ ಗಾಡಿಯಲ್ಲಿ ಹಿಂಭಾಗ ಹಗುರ, ಅಲ್ಲಿಗೆ ಪೂರ್ತಿ ಬ್ರೇಕ್ ಕೊಟ್ರೆ ಹಿಂದಿನ ವೀಲ್ ಲಾಕ್ ಆಗಿ ಗಾಡಿ ತಿರುಗುತ್ತೆ. ಅದಕ್ಕೆ ಖಾಲಿ ಇದ್ದಾಗ ಈ ವಾಲ್ವ್ ಹಿಂದಕ್ಕೆ ಹೋಗೋ ಪ್ರೆಶರ್ ಕಡಿಮೆ ಮಾಡುತ್ತೆ. ಲೋಡ್ ಬಿದ್ದಾಗ ಚಾಸಿ ಕೆಳಗೆ ಕೂರುತ್ತೆ, ಕಂಬಿ ವಾಲ್ವನ್ನ ತಳ್ಳುತ್ತೆ, ಹಿಂದಕ್ಕೆ ಹೆಚ್ಚು ಬ್ರೇಕ್ ಹೋಗುತ್ತೆ. ಲೋಡ್ ಎಷ್ಟು ಅಂತ ವಾಲ್ವಿಗೆ ಗೊತ್ತಾಗೋದು ಚಾಸಿ ಎಷ್ಟು ಕೂತಿದೆ ಅನ್ನೋದರಿಂದ ಮಾತ್ರ.

ಈಗ ನೀವೇ ಯೋಚನೆ ಮಾಡಿ. ಕಮಾನಿಗೆ ಪಟ್ಟಿ ಹೆಚ್ಚು ಹಾಕಿದ್ರೆ ಪೂರ್ತಿ ಲೋಡ್ ಹಾಕಿದ್ರೂ ಗಾಡಿ ಕೂರಲ್ಲ. ವಾಲ್ವ್, ಗಾಡಿ ಖಾಲಿ ಇದೆ ಅಂತಲೇ ತಿಳ್ಕೊಂಡು ಹಿಂದಿನ ಬ್ರೇಕ್ ತಡೆದು ಹಿಡಿಯುತ್ತೆ. ಇಡೀ ಲೋಡನ್ನ ಮುಂದಿನ ಎರಡು ಡಿಸ್ಕೇ ನಿಲ್ಲಿಸಬೇಕು. ತುಂಬಿದ ಮೂಟೆ ಹೊತ್ತು ಒಂದೇ ಕಾಲಲ್ಲಿ ಗುಡ್ಡ ಇಳಿದ ಹಾಗೆ. ಪ್ಯಾಡ್ ಬೇಗ ಸವೆಯೋದು, ಹಿಂದಿನ ಲೈನರ್ ಹಾಕಿದ ಹಾಗೇ ಇರೋದು, ಘಾಟಿಯಲ್ಲಿ ಮುಂದೆ ಅಷ್ಟು ಬಿಸಿ ಆಗೋದು, ಎಲ್ಲಕ್ಕೂ ಇದು ಹೊಂದುತ್ತೆ. ಎಡಗಡೆಗೆ ಹೋಸ್ ಬೇರೆ ಸೇರಿಕೊಂಡಿದೆ. ಮಾಸ್ಟರ್ ಒಂದನ್ನೇ ಸರಿ ಮಾಡಿ ಬಿಟ್ಟಿದ್ರೆ ಪೆಡಲ್ ಗಟ್ಟಿ ಆಗ್ತಿತ್ತು, ನಿಮಗೂ ಸಮಾಧಾನ ಆಗ್ತಿತ್ತು, ಆದ್ರೆ ಲೋಡ್ ಇಳಿಸುವಾಗಿನ ಅಪಾಯ ಹಾಗೇ ಉಳೀತಿತ್ತು.

ಮಾಡಬೇಕಾದ್ದು: ಹೆಚ್ಚುವರಿ ಪಟ್ಟಿ ತೆಗೆಸಿ, ಗಾಡಿಗೆ ಬರೆದಿರೋಷ್ಟೇ ಲೋಡ್ ಹಾಕಿ, ಕಂಬಿಯನ್ನ ಕಂಪನಿ ಅಳತೆಗೆ ಕೂರಿಸಿ. ಅಳತೆ ಒಂದೊಂದು ಮಾಡೆಲಿಗೆ ಒಂದೊಂದು ಥರ, ಸರ್ವಿಸ್ ಪುಸ್ತಕ ಇರೋ ಕಡೆಯೇ ಮಾಡಿಸಿ. ಕೆಲವರು ಕಂಬಿನ ತಂತಿಯಲ್ಲಿ ಮೇಲಕ್ಕೆ ಎಳೆದು ಕಟ್ಟಿಬಿಡ್ತಾರೆ, ಇನ್ನು ಕೆಲವರು ವಾಲ್ವನ್ನೇ ಬೈಪಾಸ್ ಮಾಡ್ತಾರೆ. ಮಳೆಯಲ್ಲಿ ಖಾಲಿ ಗಾಡಿ ಅಡ್ಡ ತಿರುಗೋದು ಅದರಿಂದಲೇ. ದಯವಿಟ್ಟು ಬೇಡ.

ಮಾಸ್ಟರಿಗೆ ಕಿಟ್ ಬೇಡ, ಹೊಸ ಅಸೆಂಬ್ಲಿನೇ ಹಾಕಿಸಿ. ಆಯಿಲ್ ಕಾಫಿ ಬಣ್ಣಕ್ಕೆ ಬಂದಿದೆ ಅಂದ್ರೆ ಬಹಳ ಹಳೇದಾಗಿದೆ, ನೀರು ಸೇರಿ ಸಿಲಿಂಡರಿನ ಒಳಗೋಡೆ, ಅಂದ್ರೆ ಬೋರಲ್ಲಿ ಗುಂಡಿ ಬಿದ್ದಿರಬಹುದು. ಗುಂಡಿ ಬಿದ್ದ ಬೋರಿಗೆ ಹೊಸ ರಬ್ಬರ್ ಹಾಕಿದ್ರೆ ಅದೂ ಬೇಗ ಹರಿಯುತ್ತೆ. ಬೂಸ್ಟರನ್ನ ಟೆಸ್ಟ್ ಮಾಡಿ ನಿರ್ಧಾರ ಮಾಡಬಹುದಿತ್ತು: ಇಂಜಿನ್ ಆಫಲ್ಲಿ ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲ್ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದ್ರೆ ಪೆಡಲ್ ಸ್ವಲ್ಪ ಕೆಳಗೆ ಹೋಗಬೇಕು. ಆದ್ರೆ ನಿಮ್ಮದರ ಒಳಗೆ ಆಯಿಲ್ ಇಳಿದು ತುಕ್ಕು ಹಿಡಿದಿದೆ. ಇವತ್ತು ಟೆಸ್ಟ್ ಪಾಸ್ ಆದ್ರೂ ನಾನಾಗಿದ್ರೆ ಬದಲಾಯಿಸ್ತಿದ್ದೆ.

ವೀಲ್ ಸಿಲಿಂಡರ್ ಎರಡೂ ಕಡೆ ಬದಲಾಯಿಸಿ. ನೆಂದ ಲೈನರನ್ನ ತೊಳೆಯೋದು ಬೇಡ ಅಂತ ನಿಲ್ಲಿಸಿದ್ದು ಬಹಳ ಒಳ್ಳೇದಾಯ್ತು. ಒಳಗೆ ಹೀರಿದ ಆಯಿಲ್ ಬಿಸಿಗೆ ಮತ್ತೆ ಹೊರಗೆ ಬರುತ್ತೆ. ಅದಕ್ಕಿಂತ ದೊಡ್ಡ ಕಾರಣ ಪೆಟ್ರೋಲ್. ಬ್ರೇಕಿನ ರಬ್ಬರಿಗೆ ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್, ಗ್ರೀಸ್ ಯಾವುದೂ ಆಗಲ್ಲ, ಊದಿಕೊಳ್ಳುತ್ತೆ. ಸಿಲಿಂಡರ್ ಒಳಭಾಗ ತೊಳೆಯೋದಾದ್ರೆ ಬ್ರೇಕ್ ಆಯಿಲಲ್ಲೇ. ರಬ್ಬರ್ ಹೋಸುಗಳನ್ನ ಎಲ್ಲಾ ಒಟ್ಟಿಗೆ ಬದಲಾಯಿಸಿ, ಒಂದು ಊದಿದೆ ಅಂದ್ರೆ ಉಳಿದವೂ ಅದೇ ವಯಸ್ಸಿನವು.

ಡ್ರಮ್ಮು, ಡಿಸ್ಕು ಮಾತ್ರ ಅಳತೆ ಮಾಡದೆ ಬದಲಾಯಿಸಬೇಡಿ. ಡ್ರಮ್ಮಿನ ಮೇಲೆ ಎಷ್ಟು ವ್ಯಾಸದವರೆಗೆ ಹೋಗಬಹುದು, ಡಿಸ್ಕಿನ ಮೇಲೆ ಎಷ್ಟು ದಪ್ಪ ಉಳಿದಿರಬೇಕು ಅಂತ ಅಚ್ಚು ಹಾಕಿರ್ತಾರೆ. ಹಿಂದೆ ಸವೆದೇ ಇಲ್ಲ ಅಂತೀರಿ, ಡ್ರಮ್ ಚೆನ್ನಾಗೇ ಇರಬಹುದು. ನಿಮ್ಮ ಚೀಟಿಯಿಂದ ಒಂದಷ್ಟು ಸಾವಿರ ಅಲ್ಲೇ ಇಳಿಯುತ್ತೆ.

ಕೊನೇದಾಗಿ, ಏರ್ ತೆಗೆಯುವಾಗ, ಅಂದ್ರೆ ಬ್ರೇಕ್ ಲೈನಲ್ಲಿ ಸೇರಿದ ಗಾಳಿ ಬಿಡುವಾಗ, ನೀವೇ ನಿಂತು ನೋಡಿ. ಮಾಸ್ಟರಿಂದ ದೂರದ ವೀಲ್ ಮೊದಲು, ಅಂದ್ರೆ ಹಿಂದಿನ ಎಡಗಡೆ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಾಸಿಗೆ ಜಾಕ್ ಕೊಟ್ಟು ಹಿಂದಿನ ವೀಲ್ ನೇತಾಡಿಸಿಕೊಂಡು ಏರ್ ತೆಗೀಬಾರದು. ಲೋಡ್ ವಾಲ್ವ್ ಹಿಂದಿನ ಲೈನನ್ನ ತಡೆಯುತ್ತೆ, ಏರ್ ಒಳಗೇ ಉಳಿಯುತ್ತೆ. ಇದನ್ನ ಓದೋ ಬೇರೆಯವರಿಗೂ ಒಂದು ಮಾತು. ಹಳೇ ಮಾಸ್ಟರ್ ಇಟ್ಟುಕೊಂಡೇ ಏರ್ ತೆಗೆಯೋದಾದ್ರೆ ಪೆಡಲ್ ಅಡಿಗೆ ಒಂದು ಮರದ ತುಂಡು ಇಡಿ. ನೆಲದವರೆಗೆ ತುಳಿದ್ರೆ ಮಾಸ್ಟರ್ ಒಳಗಿನ ರಬ್ಬರ್ ಕಪ್, ಯಾವತ್ತೂ ಓಡಾಡದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತೆ. ‘ಏರ್ ತೆಗೆಸಿದ ಮೇಲೇ ಮಾಸ್ಟರ್ ಹೋಯ್ತು’ ಅಂತ ಬರೋ ಗಾಡಿಗಳ ಕಥೆ ಇದು.

ಶಿರಸಿ ನರ್ಸರಿ

ನಾನು ಸಸಿ ಸಾಗಿಸೋ ಪಿಕಪ್ ನಾನೇ ಓಡಿಸ್ತೇನೆ, ಅದಕ್ಕೆ ಎರಡು ಮಾತು. ರಿಪೇರಿಯಾ, ಮಾರಾಟವಾ ಅನ್ನೋದನ್ನ ಬ್ರೇಕ್ ನೋಡಿ ತೀರ್ಮಾನ ಮಾಡಬೇಡಿ ಅಣ್ಣ, ಚಾಸಿ ನೋಡಿ ಮಾಡಿ. ಗೊಬ್ಬರ, ಸಗಣಿ, ಉಪ್ಪು ಸಾಗಿಸಿದ ಗಾಡಿಗಳಲ್ಲಿ ಹಿಂದಿನ ಕಮಾನು ಕೂರೋ ಜಾಗದಲ್ಲಿ ಚಾಸಿ ಒಳಗಿಂದ ತಿಂದು ಹೋಗಿರ್ತದೆ, ಮೇಲೆ ಪೇಂಟ್ ಚೆಂದ ಇರ್ತದೆ. ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಲೋಹದ ಸದ್ದು ಬಂದ್ರೆ ಸರಿ. ಬೊದ್ದು ಸದ್ದು ಬಂದು ಪುಡಿ ಉದುರಿದ್ರೆ ಒಂದು ರೂಪಾಯಿನೂ ಹಾಕಬೇಡಿ. ಚಾಸಿಗೆ ಅಂಟಿಕೊಂಡು ಹಿಂದಕ್ಕೆ ಹೋಗೋ ಬ್ರೇಕ್ ಪೈಪನ್ನೂ ಅದೇ ಸಲ ಕ್ಲಿಪ್ ಬಿಚ್ಚಿ ನೋಡಿ, ಮಣ್ಣು ಕೂತು ತುಕ್ಕು ತಿನ್ನೋದು ಕ್ಲಿಪ್ಪಿನ ಅಡಿಯಲ್ಲೇ. ತಾಮ್ರದ ಪೈಪ್ ಹಾಕಿಕೊಡ್ತೇವೆ ಅಂದ್ರೆ ಒಪ್ಪಬೇಡಿ. ಬರೀ ತಾಮ್ರ ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಡ್ತದೆ.

ಚಾಸಿ ಚೆನ್ನಾಗಿದ್ರೆ ಲೆಕ್ಕ ಸುಲಭ. ಈ ಖರ್ಚು ಗಾಡಿ ಬೆಲೆಯ ಹತ್ತನೇ ಒಂದು ಭಾಗದ ಆಸುಪಾಸು. ಬೇರೆ ಹಳೇ ಗಾಡಿ ತಂದ್ರೆ ಅದರ ಬ್ರೇಕ್ ಒಳಗೆ ಏನಿದೆ ಅಂತ ಮತ್ತೆ ಮೊದಲಿಂದ ಬಿಚ್ಚಿ ನೋಡಬೇಕು. ನಿಮ್ಮದರ ಒಳಗೆ ಏನಿದೆ ಅಂತ ಈಗ ನಿಮಗೆ ಪೂರ್ತಿ ಗೊತ್ತು. ನಿಮ್ಮ ಗಾಡಿಗೆ 8 ವರ್ಷ ದಾಟಿದೆ, ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು, ಅದರ ಖರ್ಚನ್ನೂ ಮುಂದಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬ್ರೋಕರಿಗೆ ‘ಇದ್ದ ಹಾಗೇ’ ಕೊಡೋ ವಿಚಾರ ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಅವನು ಮಾಸ್ಟರಿಗೆ ಕಿಟ್ ಹಾಕಿ, ತೊಳೆದು, ಟಯರಿಗೆ ಕಪ್ಪು ಹಚ್ಚಿ ಯಾರೋ ಹೊಸದಾಗಿ ಬಾಡಿಗೆ ಓಡಿಸೋಕೆ ಹೊರಟ ಹುಡುಗನಿಗೆ ಮಾರ್ತಾನೆ. ಆ ಹುಡುಗನ ಮನೆಯಲ್ಲೂ ಯಾರೋ ಕಾಯ್ತಾ ಇರ್ತಾರೆ. ಮಾರೋದೇ ಆದ್ರೆ ಸರಿ ಮಾಡಿಸಿ ಮಾರಿ, ಇಲ್ಲಾ ಗುಜರಿಗೆ ಹಾಕಿ.

ಬಣಕಲ್ ತೋಟದವ

ಅಕ್ಕ, ನೀವು ಹೇಳಿದ್ದನ್ನ ಅಮ್ಮನಿಗೆ ಓದಿ ಹೇಳಿದೆ. ‘ಹಾಗಾದ್ರೆ ಕೊಡೋದು ಬೇಡ’ ಅಂದ್ರು, ಆ ಮಾತು ಅಲ್ಲಿಗೆ ಮುಗೀತು. ಚಾಸಿ ಉದ್ದಕ್ಕೂ ತಟ್ಟಿ ನೋಡಿದೆ, ಗಟ್ಟಿ ಇದೆ. ಹಿಂದಕ್ಕೆ ಹೋಗೋ ಪೈಪ್ ಒಂದು ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದಿದೆ, ಅದನ್ನ ಕಂಪನಿ ಪೈಪಿಗೇ ಬದಲಾಯಿಸ್ತೀವಿ.

27,000 ಚೀಟಿ ಕೊಟ್ಟವರ ಹತ್ರವೇ ಕೊಟ್ಟಿದ್ದೀನಿ. ಅವರು ನಾನು ಕೇಳಿದ್ದಕ್ಕೆಲ್ಲ ಅಳತೆ ಮಾಡಿ ತೋರಿಸಿದ್ರು, ಸರ್ವಿಸ್ ಪುಸ್ತಕವೂ ಇದೆ. ಡ್ರಮ್ಮುಗಳು ಅಳತೆ ಒಳಗಿದಾವೆ, ಲೇತಿಗೆ ಕೊಡೋದೂ ಬೇಡ ಅಂದ್ರು. ಡಿಸ್ಕ್ ಎರಡೂ ಬರೆದಿರೋ ದಪ್ಪಕ್ಕಿಂತ ಕಡಿಮೆ ಇದಾವೆ, ಅವು ಹೊಸವೇ. ಪೈಪ್ ಸೇರಿ, ಡ್ರಮ್ ಬಿಟ್ಟು 23,500ಕ್ಕೆ ಬಂತು. ಕಮಾನಿನ ಹೆಚ್ಚುವರಿ ಪಟ್ಟಿ ತೆಗೀತಾರೆ. ತಮ್ಮನಿಗೆ ಇದೊಂದೇ ಬೇಸರ, ಒಂದೇ ಸಲಕ್ಕೆ ಹೋಗ್ತಿದ್ದ ಲೋಡಿಗೆ ಇನ್ನು ಎರಡು ಸಲ ಇಳೀಬೇಕು ಅಂತ. ಡೀಸೆಲ್ ಖರ್ಚು ನನ್ನದು, ನೀನು ಎರಡು ಸಲ ಇಳಿ ಅಂತ ಹೇಳಿದ್ದೀನಿ.

ಹಾಸನದ ಅಣ್ಣ, ಗಾಡಿ ಕೈಗೆ ಬಂದ ಮೇಲೆ ಸೀದಾ ಘಾಟಿಗೆ ಇಳಿಸಬಹುದಾ, ಇಲ್ಲಾ ಮೊದಲು ಏನಾದ್ರೂ ಮಾಡಬೇಕಾ?

ಹಾಸನ ಗ್ಯಾರೇಜಿನವ

ಸೀದಾ ಬೇಡ. ಹೊಸ ಪ್ಯಾಡು, ಲೈನರು ಕೂರೋಕೆ ಸಮಯ ಬೇಕು. ಬಣಕಲ್‌ನಿಂದ ಮೂಡಿಗೆರೆ ಕಡೆ ಖಾಲಿ ರಸ್ತೆ ನೋಡಿ, 50ರ ಸ್ಪೀಡಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಸ್ಪೀಡಿಗೆ ಬನ್ನಿ. ಹೀಗೆ ಹತ್ತಿಪ್ಪತ್ತು ಸಲ, ನಡುವೆ ತಣ್ಣಗಾಗೋಕೆ ಬಿಡ್ತಾ ಮಾಡಿ. ಆಮೇಲೆ ಅರ್ಧ ಲೋಡಲ್ಲಿ ಓಡಿಸಿ, ನಿಲ್ಲಿಸಿ, ನಾಲ್ಕೂ ವೀಲಿನ ಹತ್ತಿರ ಕೈ ಹಿಡಿದು ಬಿಸಿ ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದ್ರೆ ಸಾಕು. ಮುಂದೆ ಎರಡೂ ಹೆಚ್ಚು ಕಮ್ಮಿ ಒಂದೇ ಥರ ಇರಬೇಕು, ಹಿಂದೆಯೂ ಬಿಸಿ ಗೊತ್ತಾಗಬೇಕು. ಹಿಂದೆ ತಣ್ಣಗೇ ಇದ್ರೆ ಲೋಡ್ ವಾಲ್ವಿನ ಅಳತೆ ಸರಿ ಕೂತಿಲ್ಲ, ವಾಪಸ್ ತಗೊಂಡು ಹೋಗಿ.

ಡಬ್ಬಿಯ ಲೆವೆಲ್ ಇರೋ ಕಡೆ ಮಾರ್ಕರಲ್ಲಿ ಒಂದು ಗೆರೆ ಹಾಕಿ ತಾರೀಕು ಬರೀರಿ. ಹ್ಯಾಂಡ್ ಬ್ರೇಕ್ ಕೇಬಲನ್ನೂ ಅದೇ ಕೈಯಲ್ಲಿ ಟೈಟ್ ಮಾಡಿಸಿ, ಹೊಸ ಲೈನರ್ ಹಾಕಿದ ಮೇಲೆ ಅದರ ಅಳತೆನೂ ಬದಲಾಗಿರುತ್ತೆ.